ಸಾರಿಸಿದ ಹಲಗೆಗಳು: ಸಾಗರದ ಒಂದು ಪ್ರಕರಣ ಅಧ್ಯಯನ

ಆ ಶುಕ್ರವಾರ ಬೆಳಗ್ಗೆ ನಾನು ಒಳಗೆ ಹೋಗುವ ಹೊತ್ತಿಗೆ ನಾಲ್ಕು ಹಲಗೆಗಳಲ್ಲಿ ಮೂರು ಪೂರ್ತಿ ಕೆಂಪಗಾಗಿದ್ದವು. ಮೂರು ವಾರ ಕೂತು ಬರೆದ ಚಿತ್ತಾರದ ಬಿಳಿ ಎಳೆಗಳು ಒಂದೂ ಕಾಣುತ್ತಿರಲಿಲ್ಲ. ಹಲಗೆಯ ಮುಂದೆ ನಮ್ಮ ಗುಂಪಿನ ಒಬ್ಬ ಹುಡುಗಿ ನಿಂತಿದ್ದಳು. ಮೊಣಕೈವರೆಗೂ ಕೆಮ್ಮಣ್ಣು. ಪಕ್ಕದಲ್ಲಿ ಖಾಲಿ ಬೋಗುಣಿ. ನನ್ನನ್ನು ನೋಡಿ ನಕ್ಕಳು. ಬೆಳಗಿನ ಕೆಲಸ ಮುಗಿಸಿ ಸೆರಗಿಗೆ ಕೈ ಒರೆಸಿಕೊಳ್ಳುವವರು ನಗುತ್ತಾರಲ್ಲ, ಆ ಥರದ ನಗು.

ನಾನು ನಗಲಿಲ್ಲ. ಪ್ರದರ್ಶನಕ್ಕೆ ಎರಡು ತಿಂಗಳು ಉಳಿದಿತ್ತು. ಆಮೇಲೆ ನಾನು ಮಾಡಿದ ಕೆಲಸ ಇನ್ನೂ ದೊಡ್ಡ ತಪ್ಪು. ಅದರ ಬಗ್ಗೆಯೇ ಈ ಬರಹ.

ಯಾರು, ಎಲ್ಲಿ

ಸಾಗರ ಪೇಟೆಯಿಂದ ಸ್ವಲ್ಪ ಒಳಗೆ, ಹಳೆಯ ಹೆಂಚಿನ ಮನೆಯೊಂದರಲ್ಲಿ ನಮ್ಮ ಗುಂಪು ಸೇರುತ್ತದೆ. ಮಂಗಳವಾರ ಮತ್ತು ಶುಕ್ರವಾರ, ಬೆಳಗ್ಗೆಯಿಂದ ಮಧ್ಯಾಹ್ನದ ಊಟದವರೆಗೆ. ಏಳು ಜನ ಯುವಕ ಯುವತಿಯರು. ಚಿಕ್ಕವನಿಗೆ 17, ದೊಡ್ಡವಳಿಗೆ 29. ಇಬ್ಬರಿಗೆ ಡೌನ್ ಸಿಂಡ್ರೋಮ್, ಒಬ್ಬನಿಗೆ ಆಟಿಸಂ. ಉಳಿದವರ ಕಾರ್ಡಿನಲ್ಲಿ ಬೌದ್ಧಿಕ ಅಸಾಮರ್ಥ್ಯ ಎಂದಷ್ಟೇ ಇದೆ. ಯಾರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ.

ಒಂದು ಗೊಂದಲವನ್ನು ಮೊದಲೇ ತಿಳಿ ಮಾಡಿಬಿಡುತ್ತೇನೆ. ಓದುವಾಗ ಅಕ್ಷರ ಅದಲು ಬದಲಾಗುವುದು, ಲೆಕ್ಕ ಹತ್ತದಿರುವುದು ಒಂದು ಬಗೆ; ನಮ್ಮಲ್ಲಿ ಲರ್ನಿಂಗ್ ಡಿಸೆಬಿಲಿಟಿ ಎನ್ನುವುದು ಇದಕ್ಕೆ. ಒಟ್ಟು ಕಲಿಕೆಯೇ ನಿಧಾನ ಇದ್ದು, ದಿನದ ಬದುಕಿಗೂ ಇನ್ನೊಬ್ಬರ ಆಸರೆ ಬೇಕಾಗುವುದು ಇನ್ನೊಂದು ಬಗೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೇಳುವ 21 ಬಗೆಯ ಅಂಗವೈಕಲ್ಯಗಳಲ್ಲಿ ಇವೆರಡೂ ಬೇರೆ ಬೇರೆ. ಇಂಗ್ಲೆಂಡಿನಲ್ಲಿ ಮಾತ್ರ ಎರಡನೆಯದಕ್ಕೇ ಲರ್ನಿಂಗ್ ಡಿಸೆಬಿಲಿಟಿ ಎನ್ನುತ್ತಾರೆ. ನಮ್ಮ ಗುಂಪಿನವರು ಆ ಎರಡನೆಯವರು. ಊರಿನ ಬಾಯಲ್ಲಿ ಇವರು 'ಸ್ವಲ್ಪ ಬುದ್ಧಿ ಕಮ್ಮಿ' ಇರುವವರು. ಮದುವೆ ಮನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರಿಸುವವರು. 18 ತುಂಬಿದ ಮೇಲೆ ಶಾಲೆಯೂ ಮುಗಿದು, ಜಗುಲಿಯ ಮೇಲೆ ಸುಮ್ನೆ ಕೂತು ಸಂಜೆ ಮಾಡುವವರು.

ಅವರನ್ನು ನಾನೂ ಎಷ್ಟೋ ದಿನ 'ಮಕ್ಕಳು' ಎಂದೇ ಕರೆದೆ. 29 ವರ್ಷದವಳನ್ನು ಮಗು ಅನ್ನುವ ಬಾಯಿ, ಅವಳ ಗೆರೆಯನ್ನೂ ಮಗುವಿನ ಗೆರೆ ಅಂತಲೇ ನೋಡುತ್ತದೆ. ಈ ಪ್ರಕರಣದ ಬೇರು ಅಲ್ಲೇ ಇದೆ ಅಂತ ನನಗೆ ಈಗ ಅನ್ನಿಸುತ್ತದೆ.

ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ನನ್ನ ಜೊತೆ ಒಬ್ಬಳು ಸಹಾಯಕಿ. ಚಿತ್ತಾರ ಹೇಳಿಕೊಡಲು ಪಕ್ಕದ ಊರಿನ ದೀವರ ಸಮುದಾಯದ ಮನೆಯ ಒಬ್ಬರು ಅಜ್ಜಿ ಬರುತ್ತಾರೆ. ನನ್ನನ್ನು 'ತಮ್ಮಾ' ಅನ್ನುತ್ತಾರೆ, ಎಲ್ಲರಿಗೂ ಅವರು ಅಜ್ಜಿಯೇ.

ಚಿತ್ತಾರ ಯಾಕೆ

ಸಾಗರ, ಸೊರಬ ಕಡೆಯ ದೀವರ ಮನೆಗಳಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಹಾಗೆಯೇ ಭೂಮಿ ಹುಣ್ಣಿಮೆಗೆ ಬೂಮಣ್ಣಿ ಬುಟ್ಟಿ, ಅಂದರೆ ಚಿತ್ತಾರ ಬರೆದ ಪೂಜೆಯ ಬುಟ್ಟಿ. ಬಣ್ಣವೆಲ್ಲ ಮನೆಯ ಸುತ್ತಲಿನದೇ. ನೆನೆಸಿ ನುಣ್ಣಗೆ ರುಬ್ಬಿದ ಅಕ್ಕಿಯ ಬಿಳಿ, ಕೆಮ್ಮಣ್ಣಿನ ಕೆಂಪು, ಕರಿಕಾಗುವಂತೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಎಂದರೆ ಪುಂಡಿ ನಾರು. ಬರೆಯುವಾಗ ಹಾಡು ಇರುತ್ತದೆ. ಒಬ್ಬರೇ ಕೂತು ಮಾಡುವ ಕೆಲಸ ಇದಲ್ಲ. ಒಬ್ಬರು ರುಬ್ಬುತ್ತಾರೆ, ಒಬ್ಬರು ಸಾರಿಸುತ್ತಾರೆ, ಒಬ್ಬರು ಎಳೆ ಎಳೆಯುತ್ತಾರೆ, ಒಬ್ಬರು ಹಾಡುತ್ತಾರೆ.

ನನಗೆ ಹಿಡಿಸಿದ್ದು ಇದೇ. ಇಲ್ಲಿ ಕಲೆ ಒಬ್ಬನ ಸಹಿಯಲ್ಲಿ ಇಲ್ಲ. ಏಳು ಥರದ ಕೈಗಳಿಗೆ ಏಳು ಥರದ ಕೆಲಸ ಸಿಗಬಹುದು ಅಂದುಕೊಂಡೆ. ಯೋಚನೆ ಸರಿಯೇ ಇತ್ತು. ಆದರೆ ಚಿತ್ರ ಹೇಗೆ ಕಾಣಬೇಕು ಎಂಬುದನ್ನು ನಾನು ಮೊದಲೇ ತೀರ್ಮಾನ ಮಾಡಿಟ್ಟಿದ್ದೆ. ಅವರು ಅದನ್ನು ತುಂಬಿಸಿದರೆ ಸಾಕಿತ್ತು. ಅದನ್ನೇ ಕೂಡಿ ಮಾಡುವುದು ಎಂದು ಕರೆದುಕೊಂಡಿದ್ದೆ.

ಜುಲೈನಲ್ಲಿ ಶಿವಮೊಗ್ಗದ ಒಂದು ಸಂಸ್ಥೆಯವರು ನವೆಂಬರಿನಲ್ಲಿ ಪ್ರದರ್ಶನ ಇದೆ, ನಾಲ್ಕು ಹಲಗೆ ಕೊಡಿ ಎಂದರು. ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರ. ಪ್ಲೈವುಡ್ ಮೇಲೆ ಮಣ್ಣು ನಿಲ್ಲುವುದಿಲ್ಲ, ಒಣಗಿದ ಕೂಡಲೇ ಹಪ್ಪಳದ ಹಾಗೆ ಎದ್ದು ಬರುತ್ತದೆ. ಅದಕ್ಕೆ ಗೋಣಿ ತಾಟನ್ನು ಬಿಗಿಯಾಗಿ ಹೊಡೆದು, ಜರಡಿ ಹಿಡಿದ ಮಣ್ಣಿಗೆ ಸಗಣಿ ಕಲಸಿ ಮೆತ್ತಿದೆವು. ಅದು ನಿಂತಿತು. ಆ ವರ್ಷ ಮಳೆ ಜಾಸ್ತಿ. ರುಬ್ಬಿಟ್ಟ ಅಕ್ಕಿ ಒಂದೇ ದಿನಕ್ಕೆ ಹುಳಿ ಬರುತ್ತಿತ್ತು, ಬರೆದ ಗೆರೆಗೆ ಬೂಸ್ಟು ಹಿಡಿಯುತ್ತಿತ್ತು. ಆದ್ದರಿಂದ ಪ್ರತಿ ಸಲವೂ ಹೊಸದಾಗಿ ರುಬ್ಬಬೇಕು. ಒರಳಿನ ಕೆಲಸವನ್ನು 24ರ ಒಬ್ಬ ಹುಡುಗ ತಾನಾಗಿ ಹಿಡಿದುಕೊಂಡ. ಅವನಷ್ಟು ನುಣ್ಣಗೆ ಅಜ್ಜಿಯೂ ರುಬ್ಬುವುದಿಲ್ಲ, ಇದು ಅಜ್ಜಿಯದೇ ಮಾತು.

ಎಳೆ ಎಳೆಯುವುದು ಕಷ್ಟವಾಯಿತು. ಚಿತ್ತಾರದ ಜೀವವೇ ಸಣ್ಣ, ನೇರ ಎಳೆ. ಮೊದಲು ನಾವು ಕೈ ಹಿಡಿದು ಬರೆಸುತ್ತಿದ್ದೆವು. ಅವರ ಮುಷ್ಟಿಯ ಮೇಲೆ ನಮ್ಮ ಮುಷ್ಟಿ. ಗೆರೆ ನೇರವಾಗಿ ಬರುತ್ತಿತ್ತು. ಬರೆದದ್ದು ನಾವು. ಆಟಿಸಂ ಇರುವ ಹುಡುಗ ಕೈ ಮುಟ್ಟಿದರೆ ಭುಜ ಬಿಗಿ ಮಾಡುತ್ತಿದ್ದ. ಅವನಿಗೆ ಮಾತು ಕಡಿಮೆ, ಆ ಭುಜವೇ 'ಬೇಡ' ಎಂಬ ಮಾತು. ಅದನ್ನು ನಾನು ಕೇಳಿಸಿಕೊಳ್ಳಲು ತಿಂಗಳು ಹಿಡಿಯಿತು. ಬಿಟ್ಟಾಗ ಅವನು ಬೆರಳ ತುದಿಯಿಂದ ಚುಕ್ಕಿ ಇಟ್ಟ. ಒಂದರ ಪಕ್ಕ ಒಂದು, ಎಲ್ಲವೂ ಒಂದೇ ದೂರದಲ್ಲಿ. ನಾಲ್ಕನೇ ಹಲಗೆಯ ಅಂಚು ಪೂರ್ತಿ ಅವನ ಚುಕ್ಕಿ.

ಶನಿವಾರ ರಾತ್ರಿ

ಹುಡುಗಿ ಮೂರು ಹಲಗೆ ಸಾರಿಸಿದ್ದು ಶುಕ್ರವಾರ. ಅವಳಿಗೆ 22. ಮಾತು ಇಲ್ಲ, ಸನ್ನೆ ಇದೆ. ಬಸ್ಸು ಬೇಗ ಬರುವುದರಿಂದ ಅವಳೇ ಎಲ್ಲರಿಗಿಂತ ಮೊದಲು ಬರುತ್ತಾಳೆ. ನಾನು ಗದರಲಿಲ್ಲ. ಆದರೆ ಬೋಗುಣಿಯನ್ನು ತೆಗೆದು ಮೇಲಿನ ಅಟ್ಟದಲ್ಲಿಟ್ಟೆ. ಅವಳು ನೋಡುತ್ತಿದ್ದಳು.

ಶನಿವಾರ ಸಂಜೆ ನಾನು, ಸಹಾಯಕಿ ಇಬ್ಬರೂ ಕೂತು ಮೂರು ಹಲಗೆಗಳನ್ನೂ ಮತ್ತೆ ಬರೆದೆವು. ಹಳೆಯ ಫೋಟೋ ನೋಡಿಕೊಂಡು ಬರೆದೆವು. ಕೈ ಪಳಗಿತ್ತು, ಇನ್ನೂ ಚೆನ್ನಾಗಿಯೇ ಬಂತು. ಆ ಹುಮ್ಮಸ್ಸಿನಲ್ಲಿ ನಾಲ್ಕನೇ ಹಲಗೆಯ ಅಂಚಿನ ಚುಕ್ಕಿಗಳನ್ನೂ ಅಳಿಸಿ ಅಲ್ಲಿ ಜೋಗಿ ಜಡೆ ಎಂಬ ಚಿತ್ತಾರದ ಸಾಲು ಹಾಕಿದೆವು. ರಾತ್ರಿ ಹನ್ನೊಂದಾಗಿತ್ತು. ಹಲಗೆಗಳನ್ನು ನೋಡಿ ನನಗೆ ಸಮಾಧಾನವಾಗಿತ್ತು.

ಮಂಗಳವಾರ ಮೊದಲು ಬಂದವಳು ಅವಳೇ. ಒಂದು ಎಳೆಯ ಮೇಲೆ ಬೆರಳು ಇಟ್ಟಳು. ಹಾಗೇ ಎಳೆಯುದ್ದಕ್ಕೂ ಹೋಗಿ ನಿಂತಳು. ಆಮೇಲೆ ಹೊರಗೆ ಜಗುಲಿಗೆ ಹೋಗಿ, ವೇಲನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಕೂತಳು. ಊಟಕ್ಕೂ ಬರಲಿಲ್ಲ. ನಾಲ್ಕು ಭೇಟಿ, ಅಂದರೆ ಎರಡು ವಾರ, ಹೀಗೇ ನಡೆಯಿತು.

ಚುಕ್ಕಿಯ ಹುಡುಗ ನಾಲ್ಕನೇ ಹಲಗೆಯ ಮುಂದೆ ನಿಂತ. ಅಂಚನ್ನು ಮೇಲಿಂದ ಕೆಳಗೆ ನೋಡಿದ. 'ನಂದಲ್ಲ' ಅಂದ. ಆ ದಿನ ಅವನು ಆಡಿದ್ದು ಅದೊಂದೇ ಮಾತು. ಹೋಗಿ ಕಿಟಕಿ ಹತ್ತಿರ ಕೂತ.

ನಾನು ಏನು ಮಾಡಿದ್ದೆ ಎಂದು ಅವನು ಒಂದೇ ಪದದಲ್ಲಿ ಹೇಳಿದ. 1957ರ ಕೃತಿಸ್ವಾಮ್ಯ ಕಾಯಿದೆಯ 57ನೇ ಸೆಕ್ಷನ್ ಕೃತಿ ಮಾಡಿದವರಿಗೆ ಒಂದು ವಿಶೇಷ ಹಕ್ಕು ಕೊಡುತ್ತದೆ. ಇದು ನನ್ನದು ಎನ್ನುವ ಹಕ್ಕು, ತನ್ನ ಮಾನಕ್ಕೆ ಕುಂದು ಬರುವ ಹಾಗೆ ಬೇರೆಯವರು ಅದನ್ನು ಕೆಡಿಸಿದರೆ ಬೇಡ ಎನ್ನುವ ಹಕ್ಕು. ಬೌದ್ಧಿಕ ಅಸಾಮರ್ಥ್ಯ ಇದ್ದವರಿಗೆ ಇದು ಇಲ್ಲ ಎಂದು ಅಲ್ಲಿ ಎಲ್ಲೂ ಬರೆದಿಲ್ಲ. ದೊಡ್ಡ ಕಲಾವಿದರೊಬ್ಬರ ಚಿತ್ರದ ಅಂಚನ್ನು ನಾನು ರಾತ್ರಿ ಹೊತ್ತು ಅಳಿಸಿ ಸರಿ ಮಾಡುತ್ತಿದ್ದೆನಾ? ಇಲ್ಲ ಅಲ್ವಾ?

ಅಜ್ಜಿ ಹೇಳಿದ್ದು, ತಾಯಿ ಹೇಳಿದ್ದು

ಅಜ್ಜಿಗೆ ಜ್ವರ ಬಂದು ಆ ವಾರಗಳಲ್ಲಿ ಬಂದಿರಲಿಲ್ಲ. ಬಂದ ದಿನ ಎಲ್ಲ ಹೇಳಿದೆ. ಹುಡುಗಿ ಚಿತ್ತಾರ ಅಳಿಸಿಬಿಟ್ಟಳು ಎಂದೆ. ಅವರು ಎಲೆ ಅಡಿಕೆ ಮೆಲ್ಲುತ್ತಾ ಕೇಳಿದರು. ಕೊನೆಗೆ ಹೇಳಿದರು, "ಸಾರಿಸದೆ ಚಿತ್ತಾರ ಬರೀಲಿಕ್ಕೆ ಆಗ್ತದೇನೋ ತಮ್ಮಾ? ಅದು ಅಳಿಸಿದ್ದಲ್ಲ. ಬರೀರಿ ಅಂತ ನೆಲ ಮಾಡಿ ಕೊಟ್ಟಿದ್ದು."

ಅವರ ಮನೆಯಲ್ಲಿ ಹಳೆಯ ಚಿತ್ತಾರವನ್ನು ಯಾರೂ ಕಾಪಾಡಿ ಇಟ್ಟುಕೊಳ್ಳುವುದಿಲ್ಲ. ಹಬ್ಬ ಬಂತೆಂದರೆ ಗೋಡೆಗೆ ಕೆಮ್ಮಣ್ಣು ಬಳಿಯುತ್ತಾರೆ, ಮತ್ತೆ ಬರೆಯುತ್ತಾರೆ. ಚಿತ್ತಾರ ಉಳಿಯುವುದು ಗೋಡೆಯಲ್ಲಲ್ಲ, ಕೈಯಲ್ಲಿ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಹಲಗೆ, ಪ್ರದರ್ಶನ, ತಾರೀಕು ಅಂತ ಬಂದ ಕೂಡಲೇ ಮರೆತಿದ್ದೆ.

ಹುಡುಗಿಯ ತಾಯಿಯನ್ನು ಕಾಣಲು ಅವರ ಮನೆಗೆ ಹೋದೆ. ಸಣ್ಣ ಅಡಿಕೆ ತೋಟ. ಅವರು ಅಂಗಳ ತೋರಿಸಿದರು. ಕೊಯ್ಲು ಶುರುವಾಗುವ ಮುಂಚೆ ಬೇಯಿಸಿದ ಅಡಿಕೆ ಹರವಲು ಅಂಗಳವನ್ನು ಸಗಣಿ ಹಾಕಿ ಸಾರಿಸುತ್ತಾರೆ. "ಅದು ಇವಳದೇ ಕೆಲಸ ಸಾರ್. ಬೇರೆ ಯಾರಿಗೂ ಬಿಡಾದಿಲ್ಲ. ಹೋದ ವರ್ಷ ನೆಂಟರೆಲ್ಲ ಬಂದಾಗ, ಅಂಗಳ ಎಷ್ಟು ಚೆಂದ ಮಾಡಿದ್ದಾಳೆ ಅಂದಿದ್ರು. ಅವತ್ತು ಇಡೀ ದಿನ ನಗ್ತಾ ಇದ್ಲು."

ಇಲ್ಲಿ ನಾನು ಎಚ್ಚರದಿಂದ ಇರಬೇಕು. ಅವಳು ಚಿತ್ತಾರದ ಸಂಪ್ರದಾಯ ತಿಳಿದು ಸಾರಿಸಿದಳು ಎಂದು ನಾನು ಹೇಳುತ್ತಿಲ್ಲ. ತಣ್ಣನೆಯ ಮಣ್ಣು ಕೈಗೆ ಹಿತ ಎಂದಷ್ಟೇ ಇರಬಹುದು. ಅವಳು ಮಾತಾಡುವುದಿಲ್ಲ, ಅವಳ ಪರವಾಗಿ ಚೆಂದದ ಕಾರಣ ಕಟ್ಟುವುದೂ ಇನ್ನೊಂದು ಥರದ ಕೈ ಹಿಡಿದು ಬರೆಸುವುದೇ. ಆದ್ದರಿಂದ ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆದಿಟ್ಟುಕೊಂಡೆ. ಗೆರೆ ಹಸಿ ಇದ್ದಾಗ ಅವಳು ಒಮ್ಮೆಯೂ ಸಾರಿಸಿಲ್ಲ, ಒಣಗುವವರೆಗೆ ಕಾಯುತ್ತಾಳೆ. ಮೇಲಿನಿಂದ ಶುರು ಮಾಡಿ, ಅಂಗೈ ಅಡ್ಡ ಆಡಿಸುತ್ತಾ ಕೆಳಗೆ ಬರುತ್ತಾಳೆ. ಎಡಗಡೆ ಒಂದು ಗೇಣು ಜಾಗ ಯಾವಾಗಲೂ ಬಿಡುತ್ತಾಳೆ. ಮೂರೂ ಹಲಗೆಗಳಲ್ಲಿ ಬಿಟ್ಟಿದ್ದಳು. ಅವತ್ತು ಸಿಟ್ಟಿನಲ್ಲಿ ನಾನು ಅದನ್ನು ಗಮನಿಸಿರಲಿಲ್ಲ. ಶನಿವಾರ ರಾತ್ರಿ ಆ ಗೇಣು ಜಾಗಕ್ಕೂ ನಾವೇ ಎಳೆ ತುಂಬಿಸಿದ್ದೆವು.

ಮತ್ತೆ ಶುರು

ಬೋಗುಣಿಯನ್ನು ಅಟ್ಟದಿಂದ ಇಳಿಸಿ ಮಣ್ಣು ಕಲಸಿ ಜಗುಲಿಯಲ್ಲಿ ಅವಳ ಪಕ್ಕ ಇಟ್ಟೆ. ನಾವು ರಾತ್ರಿ ಬರೆದ ಹಲಗೆಗಳನ್ನೂ ಅಲ್ಲಿಗೇ ತಂದೆ. ಅವಳು ಆ ದಿನ ಮುಟ್ಟಲಿಲ್ಲ. ಮುಂದಿನ ಭೇಟಿಯಲ್ಲಿ ಮುಟ್ಟಿದಳು. ನಾಲ್ಕನ್ನೂ ಸಾರಿಸಿದಳು, ಎಡಕ್ಕೆ ಗೇಣು ಬಿಟ್ಟು. ನಾನು ಚುಕ್ಕಿಯ ಹುಡುಗನ ಹತ್ತಿರ ಹೋಗಿ, "ನಿನ್ನ ಚುಕ್ಕಿ ಅಳಿಸಿದ್ದು ನಾನು. ತಪ್ಪಾಯ್ತು" ಎಂದೆ. ಅವನು ನನ್ನ ಕಡೆ ನೋಡಲಿಲ್ಲ. ಬಿಳಿಯ ಬಟ್ಟಲು ತೆಗೆದುಕೊಂಡು ಹೋಗಿ ಅಂಚಿಗೆ ಕೂತ.

ಅಲ್ಲಿಂದ ಗುಂಪಿನ ದಿನಚರಿಯೇ ಬದಲಾಯಿತು. ಬರೆದವರು ಎದುರಿಗೆ ಇಲ್ಲದಾಗ ಅವರ ಗೆರೆಯನ್ನು ಯಾರೂ ಮುಟ್ಟುವಂತಿಲ್ಲ. ಕೈ ಹಿಡಿದು ಬರೆಸುವುದನ್ನು ಪೂರ್ತಿ ಬಿಟ್ಟೆವು. ಶುಕ್ರವಾರ ಎಲ್ಲ ಒಣಗಿದ ಮೇಲೆ ಹುಡುಗಿ ಸಾರಿಸುತ್ತಾಳೆ. ಅಲ್ಲಿಗೆ ಆ ವಾರ ಮುಗಿಯಿತು. ಮಂಗಳವಾರ ಅದರ ಮೇಲೆ ಹೊಸದು.

ನೋಡಿದರೆ ಹಳೆಯದು ಪೂರ್ತಿ ಹೋಗುತ್ತಲೇ ಇರಲಿಲ್ಲ. ಮಣ್ಣು ತೆಳುವಾಗಿದ್ದರೆ ಒಣಗಿದ ಮೇಲೆ ಕೆಳಗಿನ ಬಿಳಿ ಮಸುಕಾಗಿ ಮೇಲೆ ಕಾಣುತ್ತಿತ್ತು. ಐದಾರು ವಾರ ಕಳೆಯುವ ಹೊತ್ತಿಗೆ ಹಲಗೆಯಲ್ಲಿ ಒಂದರ ಹಿಂದೆ ಒಂದು ಎಳೆ, ಚುಕ್ಕಿ, ಬೆರಳ ಗುರುತು ಸೇರಿ, ಮಳೆಯಲ್ಲಿ ದೂರದ ಗುಡ್ಡ ನೋಡಿದ ಹಾಗೆ ಆಯಿತು. ನಾನೊಬ್ಬನೇ ಕೂತು ನೂರು ವರ್ಷ ಯೋಚಿಸಿದರೂ ಇದು ಹೊಳೆಯುತ್ತಿರಲಿಲ್ಲ. ಪದರ ದಪ್ಪವಾಗಿ ಬಿರುಕು ಬಿಟ್ಟಾಗ ಹುಡುಗಿಯ ತಾಯಿ ಒಂದು ಕ್ಯಾನು ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರು, ಕಳಿಸಿದರು. ಹೆಗ್ಗೋಡಿನ ಚರಕ ಎಂಬ ಮಹಿಳೆಯರ ಸಹಕಾರ ಸಂಘದಲ್ಲಿ ಕೈಮಗ್ಗದ ಬಟ್ಟೆಗೆ ಬಣ್ಣ ಕೊಡುವುದೂ ಇದೇ ಅಡಿಕೆ ಚೊಗರು. ಮಣ್ಣಿಗೆ ಕಲಸಿದೆವು. ಬಿರುಕು ಪೂರ್ತಿ ನಿಲ್ಲಲಿಲ್ಲ, ಕೆಂಪು ಮಾತ್ರ ಗಾಢವಾಯಿತು. ಹುಡುಗಿ ಆ ವಾಸನೆ ಹಿಡಿದು ಬೋಗುಣಿಯನ್ನು ಮೂಗಿನ ಹತ್ತಿರ ಇಟ್ಟುಕೊಂಡಳು.

ನೇರ ಎಳೆಗೆ ದಾರಿ ಕೊಟ್ಟವರು ಪಕ್ಕದ ಮನೆಯ ಬಡಗಿ. ಮರ ಕೊಯ್ಯುವ ಮುಂಚೆ ಬಣ್ಣದ ದಾರ ಬಿಗಿ ಹಿಡಿದು, ಎತ್ತಿ ಬಿಟ್ಟು ಗುರುತು ಹಾಕುತ್ತಾರಲ್ಲ, ಹಾಗೆ. ಅಕ್ಕಿ ಹಿಟ್ಟಿನಲ್ಲಿ ಅದ್ದಿದ ದಾರ. ಎರಡು ತುದಿಗೆ ಇಬ್ಬರು, ನಡುವೆ ಎತ್ತಿ ಬಿಡಲು ಒಬ್ಬರು. ಕುಂಚ ಹಿಡಿಯಲಾಗದ 17ರ ಹುಡುಗನಿಗೆ ಈ ಕೆಲಸ ಸಿಕ್ಕಿತು. ಠಪ್ ಎಂದು ಸದ್ದು ಬಂದಾಗಲೆಲ್ಲ ಅವನು ಇಡೀ ಮನೆ ಕೇಳುವ ಹಾಗೆ ಕೂಗುತ್ತಾನೆ. ಮೂರು ಜನ ಇಲ್ಲದೆ ಒಂದು ಎಳೆಯೂ ಇಲ್ಲ. ನಿಜವಾಗಿ ಕೂಡಿ ಮಾಡಿದ್ದು ಎಂದರೆ ನನಗೆ ಈಗಲೂ ಮೊದಲು ನೆನಪಾಗುವುದು ಆ ದಾರ.

ಕಾಯುವುದರ ಬಗ್ಗೆ ಒಂದು ಮಾತು. ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಕ್ರಿಯೇಟಿವ್ ಗ್ರೋತ್ ಎಂಬ ಕಲಾಕೇಂದ್ರ 1974ರಿಂದ ಇಂಥವರಿಗಾಗಿಯೇ ನಡೆಯುತ್ತಿದೆ. ಅಲ್ಲಿಗೆ 1987ರಲ್ಲಿ ಜೂಡಿತ್ ಸ್ಕಾಟ್ ಬಂದರು. ಡೌನ್ ಸಿಂಡ್ರೋಮ್ ಇತ್ತು, ಕಿವಿ ಕೇಳುತ್ತಿರಲಿಲ್ಲ, ಹಿಂದಿನ 35 ವರ್ಷ ಸಂಸ್ಥೆಗಳ ಗೋಡೆಯೊಳಗೆ ಕಳೆದಿದ್ದವು. ಸುಮಾರು ಎರಡು ವರ್ಷ ಅವರಿಗೆ ಯಾವುದರಲ್ಲೂ ಮನಸ್ಸು ನಿಲ್ಲಲಿಲ್ಲ. ಆಮೇಲೆ ಒಂದು ದಿನ ನೂಲು ಕೈಗೆ ಸಿಕ್ಕಿತು. ಸಿಕ್ಕ ವಸ್ತುಗಳನ್ನು ನೂಲಿನಲ್ಲಿ ಸುತ್ತಿ ಸುತ್ತಿ ಮಾಡಿದ ಅವರ ಶಿಲ್ಪಗಳು ಇವತ್ತು ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿವೆ. ಆ ಎರಡು ವರ್ಷ ಅವರನ್ನು ಕಳಿಸಿಬಿಡದೆ ಕಾದವರಿದ್ದರು. ನಾನು ಎರಡು ದಿನ ಕಾಯಲಿಲ್ಲ.

ಹೆಸರು ಮತ್ತು ದುಡ್ಡು

ಅಕ್ಟೋಬರಿನಲ್ಲಿ ಸಂಸ್ಥೆಯವರು ನೋಡಲು ಬಂದರು. ಒಳ್ಳೆಯ ಮನಸ್ಸಿನ ಜನ. ಆದರೆ ಅವರ ಕಣ್ಣಿಗೆ ಹಲಗೆಗಳು ಮುಗಿದಂತೆ ಕಾಣಲಿಲ್ಲ. "ಮಕ್ಕಳು ಮಾಡಿದ್ದು ಚೆನ್ನಾಗಿದೆ. ನೀವು ಸ್ವಲ್ಪ ಫಿನಿಶಿಂಗ್ ಕೊಟ್ಟುಬಿಡಿ ಸರ್" ಎಂದರು. ಒಂದು ತಿಂಗಳ ಹಿಂದೆ ನಾನೇ ಆಡುತ್ತಿದ್ದ ಮಾತು. ಆಗುವುದಿಲ್ಲ ಎಂದೆ. ಕೊನೆಗೆ ಎರಡು ಹಲಗೆ ಮಾತ್ರ ತೆಗೆದುಕೊಳ್ಳುತ್ತೇವೆ ಎಂದರು.

ಕೆಳಗೆ ಹಾಕುವ ಚೀಟಿಯಲ್ಲಿ 'ವಿಶೇಷ ಚೇತನ ಮಕ್ಕಳ ಕಲೆ' ಎಂದು ಬರೆದು ನಮ್ಮ ಕೇಂದ್ರದ ಹೆಸರು ಹಾಕಿದ್ದರು. ಇದಕ್ಕೆ ನಾನು ತುಂಬ ಹೊತ್ತು ವಾದ ಮಾಡಿದೆ. ಅದೇ 1957ರ ಕಾಯಿದೆಯ 2ನೇ ಸೆಕ್ಷನ್ನಿನಲ್ಲಿ ಜಂಟಿ ಕೃತಿ ಎಂದರೇನು ಎಂದು ಇದೆ: ಇಬ್ಬರು ಅಥವಾ ಹೆಚ್ಚು ಜನ ಕೂಡಿ ಮಾಡಿದ, ಒಬ್ಬರ ಪಾಲನ್ನು ಇನ್ನೊಬ್ಬರ ಪಾಲಿನಿಂದ ಬಿಡಿಸಲಾಗದ ಕೃತಿ. ನಮ್ಮ ಹಲಗೆಗೆ ಇದಕ್ಕಿಂತ ಸರಿಯಾದ ವಿವರಣೆ ಬೇಕಾ? ಒರಳು ತಿರುಗಿಸಿದವನು, ಸಾರಿಸಿದವಳು, ದಾರ ಎತ್ತಿ ಬಿಟ್ಟವನು, ಅಜ್ಜಿ. ಯಾರನ್ನು ಬಿಡಿಸುತ್ತೀರಿ? ಕೊನೆಗೆ ಎಂಟು ಹೆಸರು ಬಂದವು, ಅಕ್ಷರಮಾಲೆಯ ಕ್ರಮದಲ್ಲಿ. ನನ್ನ ಹೆಸರು ಬೇಡ ಎಂದೆ. ಈಗ ಅನ್ನಿಸುತ್ತದೆ, ಅದೂ ಪೂರ್ತಿ ಪ್ರಾಮಾಣಿಕವಲ್ಲ. ಮಣ್ಣು ಕಲಸಿದ್ದರಲ್ಲಿ ನನ್ನ ಕೈಯೂ ಇತ್ತು.

ಅಜ್ಜಿಯದು ಬೇರೊಂದು ಷರತ್ತು ಇತ್ತು. ಮದುವೆಯ ಹಸೆಯ ನಡುವಿನ ಚಿತ್ರವನ್ನು, ಬಾಸಿಂಗವನ್ನು ಹಲಗೆಗೆ ಹಾಕಬಾರದು. ಎಳೆ, ಅಂಚು, ಸಾಲು ಬರೆಯಬಹುದು. ಭೂಮಿ ಹುಣ್ಣಿಮೆಗೆ ಬುಟ್ಟಿ ಬರೆಯುವಾಗಲೂ ಪೂಜೆಗೆ ಹೋಗುವುದು ಬೇರೆ, ಮಾರುವುದು ಬೇರೆ. ಈ ಕಲೆ ಅವರ ಮನೆತನದ್ದು, ಎಲ್ಲಿ ಗೆರೆ ಎಳೆಯಬೇಕೆಂದು ಹೇಳುವ ಹಕ್ಕು ಅವರದು. ನಮ್ಮ ಏಳು ಜನರ ಹಕ್ಕಿನ ಬಗ್ಗೆ ಮಾತಾಡುವವನು ಅಜ್ಜಿಯ ಹಕ್ಕನ್ನು ಮರೆಯಲಾಗುತ್ತದಾ?

ಆಶ್ವಯುಜದ ಹುಣ್ಣಿಮೆ, ಭತ್ತ ಹೊಡೆ ತುಂಬಿ ನಿಂತ ಕಾಲ. ಬಸುರಿಗೆ ಬಯಕೆ ಬಡಿಸುವ ಹಾಗೆ ಭೂಮಿತಾಯಿಗೆ ಬಡಿಸುವ ಹಬ್ಬ. ಅಜ್ಜಿಯ ಮನೆಯ ಪೂಜೆಯ ಬುಟ್ಟಿಗೆ ಆ ವರ್ಷ ಕೆಮ್ಮಣ್ಣು ಬಳಿದವಳು ನಮ್ಮ ಹುಡುಗಿ. ಅಜ್ಜಿಯೇ ಕರೆದರು.

ಬೇರೆ ಬುಟ್ಟಿಗಳು ಹನ್ನೊಂದು ಮಾರಾಟವಾದವು. ಬಂದ ದುಡ್ಡನ್ನು ಎಂಟು ಸಮಪಾಲು ಮಾಡಿದೆವು. ಜಾಸ್ತಿ ಗೆರೆ ಬರೆದವರಿಗೆ ಜಾಸ್ತಿ ಎಂದು ಒಬ್ಬರು ತಂದೆ ಹೇಳಿದರು. ರುಬ್ಬಿದವನ ಪಾಲನ್ನು ಗೆರೆಯಲ್ಲಿ ಹೇಗೆ ಅಳೆಯುವುದು ಎಂದು ಕೇಳಿದೆ. ಅವರು ಒಪ್ಪಿದರೋ ಸುಮ್ಮನಾದರೋ ತಿಳಿಯಲಿಲ್ಲ. ಮೂವರಿಗೆ ಬ್ಯಾಂಕ್ ಖಾತೆಯೇ ಇರಲಿಲ್ಲ. 18 ದಾಟಿದವರಿಗೆ ಕಾನೂನಿನ ಪ್ರಕಾರ ಪೋಷಕರನ್ನು ನೇಮಿಸಲು 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸಮಿತಿ ಇರುತ್ತದೆ. ಇದು ಮನೆಯವರಿಗೆ ಗೊತ್ತೇ ಇರಲಿಲ್ಲ. ಆ ಕಾಗದಪತ್ರದ ಕೆಲಸ ಚಿತ್ತಾರಕ್ಕಿಂತ ಹೆಚ್ಚು ದಿನ ತೆಗೆದುಕೊಂಡಿತು.

ಆಗದೆ ಉಳಿದದ್ದು

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಡಿಸೆಂಬರಿನಲ್ಲಿ ಒಬ್ಬನನ್ನು ಮನೆಯವರು ಬಿಡಿಸಿದರು. "ಇದರಿಂದ ಇವನಿಗೆ ಮಾತು ಬರ್ತದಾ?" ಎಂದು ಅವನ ಚಿಕ್ಕಪ್ಪ ಕೇಳಿದ್ದರು. ಇಲ್ಲ, ನಾವು ಚಿತ್ರ ಮಾಡುತ್ತೇವೆ ಎಂದೆ. ಅವರಿಗೆ ಬೇಕಾದ ಉತ್ತರ ಅದಲ್ಲ. ನನ್ನ ಹತ್ತಿರ ಬೇರೆ ಉತ್ತರ ಇರಲಿಲ್ಲ. ಅಂಗವಿಕಲರ ಹಕ್ಕುಗಳ ಬಗ್ಗೆ ಭಾರತ 2007ರಲ್ಲಿ ಒಪ್ಪಿದ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೇ ವಿಧಿ, ಅವರ ಕಲಾಶಕ್ತಿ ಬೆಳೆಯಬೇಕಾದದ್ದು ಅವರ ಒಳಿತಿಗಷ್ಟೇ ಅಲ್ಲ, ಸಮಾಜ ತುಂಬಿಕೊಳ್ಳಲಿಕ್ಕೂ ಹೌದು ಎನ್ನುತ್ತದೆ. ಆದರೆ ಬಸ್ ಚಾರ್ಜು ಕೊಟ್ಟು ವಾರಕ್ಕೆರಡು ಸಲ ಕರೆತರುವ ಮನೆಯವರಿಗೆ ಅದನ್ನು ಯಾವ ಬಾಯಲ್ಲಿ ಹೇಳುವುದು?

ಸಹಾಯಕಿಯ ಜೊತೆ ಆ ಶನಿವಾರದ ಬಗ್ಗೆ ಮಾತಾಡಲೂ ತಡವಾಯಿತು. ನಾನು ಹೇಳಿದ್ದಕ್ಕೆ ಅವಳು ಬರೆದಳು. ತಪ್ಪಿನ ಭಾರ ಮಾತ್ರ ಅವಳೂ ಹೊತ್ತಳು.

ಪ್ರದರ್ಶನದಿಂದ ವಾಪಸ್ ಬಂದ ಎರಡು ಹಲಗೆಗಳನ್ನು ಏನು ಮಾಡುವುದು ಎಂದು ಚರ್ಚೆಯಾಯಿತು. ಚೌಕಟ್ಟು ಹಾಕಿಸಿ ಒಳಗೆ ಇಡೋಣ ಎಂದು ಒಂದಿಬ್ಬರು ತಂದೆತಾಯಿ ಹೇಳಿದರು. ನನಗೂ ಆಸೆಯಿತ್ತು, ಒಪ್ಪಿಕೊಳ್ಳುತ್ತೇನೆ. ಜಗುಲಿಯಲ್ಲಿ ಒರಗಿಸಿಟ್ಟಿದ್ದೆವು. ಶುಕ್ರವಾರ ಬಂತು. ಹುಡುಗಿ ಬೋಗುಣಿ ಹಿಡಿದು ಬಂದು ಹಲಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಒಂದು ಫೋಟೋ ತೆಗೆದು ಪಕ್ಕಕ್ಕೆ ಸರಿದೆ. ಅವಳು ಮೇಲಿನಿಂದ ಶುರು ಮಾಡಿದಳು. ಎಡಗಡೆ ಒಂದು ಗೇಣು ಬಿಟ್ಟಳು.